ಮಳೆ ಸುರಿಯುತ್ತಿತ್ತು

ಕಾಲೇಜಿನಲ್ಲಿ ಸ್ಪ್ಯಾನಿಷ್‌ನ ಎರಡನೇ ಹಂತಕ್ಕೆ ಬಂದವರನ್ನು ಕಾಡುವುದು ಎರಡು ಭೂತಕಾಲಗಳು. ‘ಯೊವಿಯಾ ಕ್ವಾಂದೊ ಯೆಗೊ’: ಅವನು ಬಂದಾಗ ಮಳೆ ಸುರಿಯುತ್ತಿತ್ತು. ‘ಬಂದ’ ಒಂದು ರೂಪ, ‘ಸುರಿಯುತ್ತಿತ್ತು’ ಇನ್ನೊಂದು. ಕನ್ನಡದವರಿಗೆ ಇದರಲ್ಲಿ ಹೊಸದೇನಿಲ್ಲ. ಗೊಂದಲ ಹುಟ್ಟಿಸುವುದು ಹೆಸರು. ಎರಡನೆಯದನ್ನು ಪುಸ್ತಕಗಳು ‘ಇಂಪೆರ್ಫೆಕ್ತೊ’, ಅಂದರೆ ಅಪೂರ್ಣ, ಎನ್ನುತ್ತವೆ. ಲ್ಯಾಟಿನ್ ವ್ಯಾಕರಣದಿಂದ ಬಂದ ಹಳೇ ಹಣೆಪಟ್ಟಿ ಅದು.

ಆ ಪಟ್ಟಿ ಕಿತ್ತವನು ಆಂದ್ರೆಸ್ ಬೆಯೊ. 1781ರಲ್ಲಿ ಕಾರಾಕಾಸ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ 19 ವರ್ಷ ಕಷ್ಟಪಟ್ಟು, ಚಿಲಿ ಸೇರಿ, ಅಲ್ಲಿನ ವಿಶ್ವವಿದ್ಯಾಲಯದ ಮೊದಲ ರೆಕ್ಟರ್ ಆದ. 1847ರಲ್ಲಿ ಬಂದ ಅವನ ವ್ಯಾಕರಣ ಅಮೆರಿಕ ಖಂಡದವರ ಬಳಕೆಗೆಂದು ಹೆಸರಲ್ಲೇ ಹೇಳಿಕೊಂಡಿತ್ತು. ಅದರಲ್ಲಿ ಈ ಕಾಲಕ್ಕೆ ‘ಕೊಪ್ರೆತೆರಿತೊ’ ಎಂದು ಹೆಸರು: ಇನ್ನೊಂದು ಭೂತದ ಜೊತೆಗಿದ್ದ ಭೂತ. ಅವನು ಬಂದದ್ದೂ ಮಳೆಯೂ ಜೊತೆಜೊತೆಗೆ. ಅರ್ಧ ಪಾಠ ಹೆಸರಲ್ಲೇ ಮುಗಿಯಿತು.

ಬೆಯೊಗೆ ಒಂದು ಭಯವಿತ್ತು. ಸ್ಪೇನ್‌ನಿಂದ ಬಿಡುಗಡೆಯಾದ ದೇಶಗಳ ನುಡಿ, ಹಿಂದೆ ಲ್ಯಾಟಿನ್ ಒಡೆದಂತೆ, ಒಬ್ಬರದು ಒಬ್ಬರಿಗೆ ತಿಳಿಯದಂತೆ ಒಡೆದುಹೋದರೆ? ಹಾಗೆಂದು ಸ್ಪೇನ್ ಹೇಳಿದ್ದೇ ಸರಿ ಎನ್ನಲಿಲ್ಲ. ಅರಾಗಾನ್, ಆಂಡಲೂಸಿಯಾಗಳ ಮಾತಿಗಿರುವ ಹಕ್ಕು ಚಿಲಿ, ವೆನೆಜುವೆಲಾಗಳಿಗೂ ಇದೆ ಎಂದ. ಆದರೆ ಓದಿದವರ ಬಳಕೆಯಲ್ಲಿದ್ದರೆ ಮಾತ್ರ. ಈ ಷರತ್ತು ನನಗೆ ಒಪ್ಪಿಗೆಯಿಲ್ಲ. ಚಿಲಿಯ ಜನ ಮನೆಯಲ್ಲಿ ‘ನೀನು’ ಎನ್ನಲು ಬಳಸುತ್ತಿದ್ದ ‘ವೊಸ್’ ಅನ್ನು ಅವನೇ ಹಳಿದಿದ್ದ. ಚಿಲಿಯವರು ಅದನ್ನು ಪೂರ್ತಿ ಬಿಡಲಿಲ್ಲ. ‘ಕೊಪ್ರೆತೆರಿತೊ’ ಮಾತ್ರ ಮೆಕ್ಸಿಕೊದ ಶಾಲೆಗಳಲ್ಲಿ ಇಂದಿಗೂ ಇದೆ.