ಗಡಿ ಮುಕ್ತವಾಯಿತು, ಆಶ್ರಯ ಯಾರ ಹೊಣೆ? ಷೆಂಗೆನ್ ವ್ಯವಸ್ಥೆ: ಒಂದು ಪರಿಚಯ

ಲಕ್ಸೆಂಬರ್ಗ್ ದೇಶದ ಮೊಸೆಲ್ ನದಿಯ ದಂಡೆಯಲ್ಲಿ ಷೆಂಗೆನ್ ಎಂಬ ಪುಟ್ಟ ಗ್ರಾಮವಿದೆ. ಫ್ರಾನ್ಸ್, ಜರ್ಮನಿ ಮತ್ತು ಲಕ್ಸೆಂಬರ್ಗ್‌ಗಳ ಗಡಿಗಳು ಸಂಧಿಸುವ ಸ್ಥಳವಿದು. 1985ರ ಜೂನ್ 14ರಂದು ಇಲ್ಲಿ ನದಿಯಲ್ಲಿದ್ದ ಹಡಗೊಂದರಲ್ಲಿ ಫ್ರಾನ್ಸ್, ಅಂದಿನ ಪಶ್ಚಿಮ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ದೇಶಗಳ ಪ್ರತಿನಿಧಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆಯನ್ನು ಹಂತ ಹಂತವಾಗಿ ಕೈಬಿಡುವುದು ಅದರ ಉದ್ದೇಶವಾಗಿತ್ತು. ಅಂದು ಐದು ದೇಶಗಳಿಂದ ಆರಂಭವಾದ ಈ ವಲಯದಲ್ಲಿ ಇಂದು 29 ದೇಶಗಳಿವೆ.

ಗಡಿಗಳನ್ನು ಒಟ್ಟಾಗಿ ತೆರೆದ ಈ ದೇಶಗಳು, ಪ್ರಾಣಭಯದಿಂದ ಓಡಿಬಂದವರಿಗೆ ಆಶ್ರಯ ನೀಡುವ ಹೊಣೆಯನ್ನು ಮಾತ್ರ ಒಟ್ಟಾಗಿ ಹೊರಲಿಲ್ಲ. ಯೂರೋಪಿನ ವಲಸೆ ನೀತಿಯನ್ನು ಕುರಿತ ಬಹುಪಾಲು ವಿವಾದಗಳ ಮೂಲ ಇಲ್ಲಿದೆ.

ಒಪ್ಪಂದ ಬೆಳೆದ ಬಗೆ

1985ರ ಒಪ್ಪಂದವನ್ನು ಕಾರ್ಯಗತಗೊಳಿಸುವ ವಿವರವಾದ ಕರಾರು 1990ರ ಜೂನ್‌ನಲ್ಲಿ ಸಿದ್ಧವಾಯಿತು. 1995ರ ಮಾರ್ಚ್ 26ರಂದು, ಸ್ಪೇನ್ ಮತ್ತು ಪೋರ್ಚುಗಲ್ ಸೇರಿ ಏಳು ದೇಶಗಳ ನಡುವೆ ತಪಾಸಣೆ ರದ್ದಾಯಿತು. ಆಮ್‌ಸ್ಟರ್‌ಡ್ಯಾಮ್ ಒಡಂಬಡಿಕೆಯು 1999ರಲ್ಲಿ ಜಾರಿಗೆ ಬಂದಾಗ ಷೆಂಗೆನ್ ನಿಯಮಗಳು ಐರೋಪ್ಯ ಒಕ್ಕೂಟದ ಕಾನೂನಿನ ಭಾಗವಾದವು. 2007ರ ಡಿಸೆಂಬರ್‌ನಲ್ಲಿ ಪೋಲೆಂಡ್, ಹಂಗರಿ ಮೊದಲಾದ ಒಂಬತ್ತು ದೇಶಗಳು, 2023ರ ಜನವರಿಯಲ್ಲಿ ಕ್ರೊವೇಷಿಯಾ ಇದನ್ನು ಸೇರಿದವು. ಬಲ್ಗೇರಿಯಾ ಮತ್ತು ರುಮೇನಿಯಾಗಳ ಭೂಗಡಿಯಲ್ಲಿ ತಪಾಸಣೆ ನಿಂತದ್ದು 2025ರ ಜನವರಿ 1ರಂದು.

ಷೆಂಗೆನ್ ವಲಯವೂ ಐರೋಪ್ಯ ಒಕ್ಕೂಟವೂ ಒಂದೇ ಅಲ್ಲ ಎಂಬುದು ಗಮನಾರ್ಹ. ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್ಲೆಂಡ್ ಮತ್ತು ಲಿಕ್ಟೆನ್‌ಸ್ಟೈನ್ ಒಕ್ಕೂಟದ ಹೊರಗಿದ್ದೂ ಷೆಂಗೆನ್ ವಲಯದಲ್ಲಿವೆ. ಐರ್ಲೆಂಡ್ ಒಕ್ಕೂಟದ ಒಳಗಿದ್ದೂ ಈ ವಲಯದಿಂದ ದೂರ ಉಳಿದಿದೆ.

ಸಂಚಾರ ಬೇರೆ, ವಾಸ ಬೇರೆ

ಗಡಿಯಲ್ಲಿ ಯಾರೂ ತಡೆಯದಿರುವುದು ಒಂದು ಸೌಲಭ್ಯ. ಇನ್ನೊಂದು ದೇಶದಲ್ಲಿ ನೆಲೆಸಿ ದುಡಿಯುವುದು ಬೇರೆಯೇ ಹಕ್ಕು. 2004ರ ನಿರ್ದೇಶನದ ಪ್ರಕಾರ ಒಕ್ಕೂಟದ ಪ್ರಜೆ ಯಾವುದೇ ಸದಸ್ಯ ದೇಶದಲ್ಲಿ ಮೂರು ತಿಂಗಳು ನಿರ್ಬಂಧವಿಲ್ಲದೆ ಇರಬಹುದು. ನಂತರವೂ ಇರಬೇಕಾದರೆ ಉದ್ಯೋಗ, ವಿದ್ಯಾಭ್ಯಾಸ ಅಥವಾ ಸ್ವಂತ ಜೀವನೋಪಾಯ ಇರಬೇಕು. ಐದು ವರ್ಷ ಸತತವಾಗಿ ಕಾನೂನುಬದ್ಧವಾಗಿ ನೆಲೆಸಿದವರಿಗೆ ಕಾಯಂ ವಾಸದ ಹಕ್ಕು ದೊರೆಯುತ್ತದೆ.

ಹೊರದೇಶದವರಿಗೆ ಈ ಹಕ್ಕು ಅನ್ವಯಿಸದು. ಬೆಂಗಳೂರಿನಿಂದ ಪ್ರವಾಸ ಹೊರಟವರು ಒಂದೇ ಷೆಂಗೆನ್ ವೀಸಾದಲ್ಲಿ ಪ್ಯಾರಿಸ್, ರೋಮ್, ವಿಯೆನ್ನಾಗಳನ್ನು ನೋಡಿ ಬರಬಹುದು. ಆದರೆ ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ದೀರ್ಘಕಾಲದ ವಾಸ ಮತ್ತು ಉದ್ಯೋಗಕ್ಕೆ ಆಯಾ ದೇಶದ ಪ್ರತ್ಯೇಕ ಅನುಮತಿ ಬೇಕು.

ಡಬ್ಲಿನ್ ನಿಯಮ

ಒಳಗಡಿಗಳು ಇಲ್ಲವಾದಾಗ, ಆಶ್ರಯ ಕೋರುವವರು ಒಂದು ದೇಶದಲ್ಲಿ ಅರ್ಜಿ ತಿರಸ್ಕೃತವಾದರೆ ಇನ್ನೊಂದರಲ್ಲಿ ಸಲ್ಲಿಸಬಹುದೆಂಬ ಆತಂಕ ಎದುರಾಯಿತು. ಅದಕ್ಕೆ ಉತ್ತರವಾಗಿ ಬಂದದ್ದೇ 1990ರಲ್ಲಿ ಸಹಿಯಾಗಿ 1997ರಲ್ಲಿ ಜಾರಿಗೆ ಬಂದ ಡಬ್ಲಿನ್ ಒಪ್ಪಂದ. ಒಂದು ಅರ್ಜಿಯನ್ನು ಒಂದೇ ದೇಶ ಪರಿಶೀಲಿಸಬೇಕು ಎಂಬುದು ಅದರ ಸೂತ್ರ. ಅರ್ಜಿದಾರರ ಹತ್ತಿರದ ಬಂಧುಗಳು ಎಲ್ಲಿದ್ದಾರೆ, ವೀಸಾ ಕೊಟ್ಟ ದೇಶ ಯಾವುದು ಎಂಬುದನ್ನು ಮೊದಲು ನೋಡಬೇಕು. ಇವು ಯಾವುವೂ ಇಲ್ಲದಿದ್ದರೆ, ಅನುಮತಿಯಿಲ್ಲದೆ ಮೊದಲು ಕಾಲಿಟ್ಟ ದೇಶವೇ ಹೊಣೆ. ಅದನ್ನು ಪತ್ತೆಹಚ್ಚಲು 2003ರಿಂದ ‘ಯೂರೋಡ್ಯಾಕ್’ ಎಂಬ ಬೆರಳಚ್ಚು ದಾಖಲೆ ವ್ಯವಸ್ಥೆ ಕೆಲಸ ಮಾಡುತ್ತಿದೆ.

ಇದರ ಪರಿಣಾಮವಾಗಿ ಸಮುದ್ರ ದಾಟಿ ಬಂದವರ ಭಾರ ಬಹುಮಟ್ಟಿಗೆ ಗ್ರೀಸ್, ಇಟಲಿಯಂತಹ ಅಂಚಿನ ದೇಶಗಳ ಮೇಲೆ ಬಿತ್ತು. ಗ್ರೀಸ್‌ನಲ್ಲಿ ಆಶ್ರಯಾರ್ಥಿಗಳ ಸ್ಥಿತಿ ಅಮಾನವೀಯವಾಗಿದೆ ಎಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 2011ರ ಜನವರಿಯಲ್ಲಿ ತೀರ್ಪಿತ್ತಿತು. ಅಫ್ಘಾನ್ ಪ್ರಜೆಯೊಬ್ಬರನ್ನು ಅಲ್ಲಿಗೆ ವಾಪಸು ಕಳುಹಿಸಿದ್ದಕ್ಕಾಗಿ ಬೆಲ್ಜಿಯಂ ಕೂಡ ತಪ್ಪಿತಸ್ಥನೆನಿಸಿತು.

2015ರ ಅಗ್ನಿಪರೀಕ್ಷೆ

ಸಿರಿಯಾ ಯುದ್ಧದ ಹಿನ್ನೆಲೆಯಲ್ಲಿ 2015ರಲ್ಲಿ 10 ಲಕ್ಷಕ್ಕೂ ಅಧಿಕ ಜನ ಸಮುದ್ರಮಾರ್ಗವಾಗಿ ಯೂರೋಪ್ ತಲುಪಿದರು. ಜರ್ಮನಿ, ಆಸ್ಟ್ರಿಯಾ, ಸ್ವೀಡನ್ ಮುಂತಾದವು ಒಳಗಡಿಗಳಲ್ಲಿ ತಪಾಸಣೆಯನ್ನು ಮತ್ತೆ ಆರಂಭಿಸಿದವು. ಇಟಲಿ ಮತ್ತು ಗ್ರೀಸ್‌ಗಳ ಭಾರ ಇಳಿಸಲು 1,60,000 ಜನರನ್ನು ಇತರ ದೇಶಗಳಿಗೆ ಹಂಚುವ ಯೋಜನೆ ಸಿದ್ಧವಾಯಿತಾದರೂ ವಾಸ್ತವವಾಗಿ ಸ್ಥಳಾಂತರಗೊಂಡವರು ಸುಮಾರು 35,000 ಮಾತ್ರ. ಪಾಲು ಹೊರಲು ನಿರಾಕರಿಸಿದ ಪೋಲೆಂಡ್, ಹಂಗರಿ ಮತ್ತು ಜೆಕ್ ಗಣರಾಜ್ಯ ಕಾನೂನು ಉಲ್ಲಂಘಿಸಿವೆ ಎಂದು ಒಕ್ಕೂಟದ ನ್ಯಾಯಾಲಯ 2020ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಆ ವೇಳೆಗೆ ಯೋಜನೆಯ ಅವಧಿಯೇ ಮುಗಿದುಹೋಗಿತ್ತು.

ತಾತ್ಕಾಲಿಕವೆಂದು ಆರಂಭಿಸಿದ ಒಳಗಡಿ ತಪಾಸಣೆಗಳು ಮೇಲಿಂದ ಮೇಲೆ ವಿಸ್ತರಣೆಗೊಂಡವು. ಹೊಸ ಅಪಾಯವಿಲ್ಲದೆ ಆರು ತಿಂಗಳಿಗೂ ಮೀರಿ ಅವನ್ನು ಮುಂದುವರಿಸುವಂತಿಲ್ಲ ಎಂದು 2022ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಆದಾಗ್ಯೂ 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಿಗೂ ತಪಾಸಣೆಯನ್ನು ವಿಸ್ತರಿಸಿತು.

ಬೇರೆ ದಾರಿಯೂ ಇತ್ತು

2022ರಲ್ಲಿ ಉಕ್ರೇನ್ ಮೇಲೆ ರಷ್ಯಾ ದಂಡೆತ್ತಿ ಬಂದಾಗ ಒಕ್ಕೂಟವು ಬೇರೆ ಮಾರ್ಗ ಹಿಡಿಯಿತು. 2001ರಿಂದಲೂ ಬಳಕೆಯಾಗದೆ ಉಳಿದಿದ್ದ ತಾತ್ಕಾಲಿಕ ರಕ್ಷಣೆಯ ನಿರ್ದೇಶನವನ್ನು ಮಾರ್ಚ್ 4ರಂದು ಮೊದಲ ಬಾರಿಗೆ ಜಾರಿಗೊಳಿಸಲಾಯಿತು. ಉಕ್ರೇನಿನಿಂದ ಬಂದವರು ತಮಗೆ ಬೇಕಾದ ದೇಶವನ್ನು ತಾವೇ ಆರಿಸಿಕೊಂಡರು. ವಾಸ, ಉದ್ಯೋಗ ಮತ್ತು ಶಿಕ್ಷಣದ ಹಕ್ಕುಗಳು ಅವರಿಗೆ ಕೂಡಲೇ ದೊರೆತವು. 40 ಲಕ್ಷಕ್ಕೂ ಅಧಿಕ ಜನರಿಗೆ ಈ ರಕ್ಷಣೆ ಸಿಕ್ಕಿತು. ಸಿರಿಯಾ, ಅಫ್ಘಾನಿಸ್ತಾನಗಳಿಂದ ಬಂದವರಿಗೆ ಇದೇ ಕಾನೂನು ಏಕೆ ಅನ್ವಯವಾಗಲಿಲ್ಲ ಎಂಬ ಪ್ರಶ್ನೆಯನ್ನು ಮಾನವ ಹಕ್ಕು ಸಂಘಟನೆಗಳು ಎತ್ತಿದವು.

ಹೊಸ ಕಾನೂನು

2024ರ ಮೇ 14ರಂದು ಅಂಗೀಕೃತವಾದ ವಲಸೆ ಮತ್ತು ಆಶ್ರಯ ಕಾನೂನುಗಳ ಕಟ್ಟು 2026ರ ಜೂನ್‌ನಿಂದ ಅನ್ವಯವಾಗುವಂತೆ ರೂಪುಗೊಂಡಿತು. ಇದರಂತೆ ಪ್ರತಿ ಸದಸ್ಯ ದೇಶವೂ ಹೊಣೆಯಲ್ಲಿ ಪಾಲುಗೊಳ್ಳಬೇಕು: ಒಂದಷ್ಟು ಜನರನ್ನು ಸ್ವೀಕರಿಸಬೇಕು, ತಲಾ 20,000 ಯೂರೋ ಲೆಕ್ಕದಲ್ಲಿ ಹಣ ನೀಡಬೇಕು ಅಥವಾ ಬೇರೆ ನೆರವು ಒದಗಿಸಬೇಕು. ಆಶ್ರಯ ದೊರೆಯುವ ಪ್ರಮಾಣ ಶೇ. 20 ಅಥವಾ ಅದಕ್ಕಿಂತ ಕಡಿಮೆ ಇರುವ ದೇಶಗಳಿಂದ ಬಂದವರ ಅರ್ಜಿಗಳನ್ನು ಗಡಿಯಲ್ಲೇ ತ್ವರಿತವಾಗಿ ಇತ್ಯರ್ಥಪಡಿಸಲಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಐರೋಪ್ಯ ಆಯೋಗವು ಪ್ರಸ್ತಾಪಿಸಿದ ‘ಸುರಕ್ಷಿತ ಮೂಲದೇಶ’ಗಳ ಪಟ್ಟಿಯಲ್ಲಿ ಭಾರತದ ಹೆಸರೂ ಇತ್ತು.

ಹೊಣೆ ಹಂಚಿಕೆಯ ಮಾತು ಕಾನೂನಿಗೆ ಬಂದಿದ್ದರೂ ಮೊದಲು ಕಾಲಿಟ್ಟ ದೇಶವೇ ಹೊಣೆ ಎಂಬ ಹಳೆಯ ಸೂತ್ರ ಬದಲಾಗಿಲ್ಲ. ಅನುಮತಿಯಿಲ್ಲದೆ ಪ್ರವೇಶಿಸಿದವರ ವಿಷಯದಲ್ಲಿ ಆ ದೇಶದ ಹೊಣೆಯ ಅವಧಿಯನ್ನು 12 ತಿಂಗಳಿಂದ 20 ತಿಂಗಳಿಗೆ ಹೆಚ್ಚಿಸಲಾಗಿದೆ. ಹಣ ಕೊಟ್ಟು ಪಾಲು ತೀರಿಸುವ ಅವಕಾಶ ಇರುವವರೆಗೆ, ದೋಣಿಯಿಂದ ಇಳಿದವರ ಅರ್ಜಿಗಳು ಹೆಚ್ಚಾಗಿ ಬೀಳುವುದು ಅಂಚಿನ ದೇಶಗಳ ಮೇಜಿನ ಮೇಲೆಯೇ.