ಫಲ ನೋಡಿ ಹಣ ಕೊಟ್ಟ ಕಾಲ

ಪರೀಕ್ಷೆಗೆ ಕೂಡ್ರುವವನು ಹುಡುಗ. ಆದರೆ ನಿಜವಾಗಿ ಪರೀಕ್ಷೆಗೊಳಗಾಗುವವರು ಯಾರು? ಹುಡುಗನೋ, ಮಾಸ್ತರರೋ, ಶಾಲೆಯೋ, ಅದನ್ನು ನಡೆಸುವ ಸರಕಾರವೋ? 2024ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ ಈ ವ್ಯಾಜ್ಯದ ಬೇರು ನೂರಾ ಅರವತ್ತು ವರ್ಷಗಳಷ್ಟು ಹಳೆಯದು. ಅದನ್ನು ನಾನು ಮಸೂತಿಯಂಥ ಒಂದು ಊರಿನ ಕಡೆಯಿಂದ ನೋಡಬಯಸುತ್ತೇನೆ. ಮಸೂತಿ ಇರುವುದು ಬಸವನ ಬಾಗೇವಾಡಿಯ ಸೀಮೆಯಲ್ಲಿ. ಆ ಸೀಮೆಯೆಲ್ಲ ಆಗ ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಗೆ ಸೇರಿತ್ತು. ವಿಜಾಪುರ ಜಿಲ್ಲಾಸ್ಥಳವಾದದ್ದು 1885ರ ಸುಮಾರಿಗೆ.

1860ರ ದಶಕದಲ್ಲಿ ಮುಂಬಯಿ ಸರಕಾರ ಒಂದು ಹೊಸ ಪಟ್ಟಿಯನ್ನು ಹಾಕಿತು. ರೈತನು ಕೊಡುವ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದು ಆಣೆ. ಅದರಲ್ಲಿ ಎರಡು ಪಾಲು ರಸ್ತೆ ಮುಂತಾದವುಗಳಿಗೆ, ಒಂದು ಪಾಲು ಶಾಲೆಗೆ. ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ಎದ್ದು ನಿಂತದ್ದು ಬಹುಮಟ್ಟಿಗೆ ಈ ಹಣದಿಂದ. ಎಂದರೆ ಬಿಳಿಜೋಳ ಬೆಳೆದು ಕಂದಾಯ ಕಟ್ಟಿದ ಒಕ್ಕಲಿಗನೇ ಶಾಲೆಯ ಧಣಿ. ಆದರೆ ಶಾಲೆಯು ತನ್ನ ಲೆಕ್ಕವನ್ನು ಒಪ್ಪಿಸುತ್ತಿದ್ದುದು ಆತನಿಗಲ್ಲ, ಕುದುರೆಯೇರಿ ಬರುವ ತಪಾಸಣೆ ಅಧಿಕಾರಿಗೆ. ಆ ಅಧಿಕಾರಿಯು ಇಂಗ್ಲಿಷಿನಲ್ಲಿ ಬರೆದ ವರದಿ ಪುಣೆ, ಮುಂಬಯಿಗಳಿಗೆ ಹೋಗುತ್ತಿತ್ತು. ಮಸೂತಿಗೆ ಅದು ಬರುವ ಕಾರಣವೇ ಇರಲಿಲ್ಲ.

ಅದೇ ದಶಕದಲ್ಲಿ ಇಂಗ್ಲೆಂಡಿನಿಂದ ಇನ್ನೊಂದು ಪದ್ಧತಿ ಇಲ್ಲಿಗೆ ಬಂದಿತು. 1862ರಲ್ಲಿ ರಾಬರ್ಟ್ ಲೋ ಎಂಬ ಮುತ್ಸದ್ದಿ ಅಲ್ಲಿಯ ಶಾಲೆಗಳಿಗೊಂದು ನಿಯಮ ಮಾಡಿದ. ಮಗುವಿನ ಹಾಜರಿಗೆ ನಾಲ್ಕು ಶಿಲಿಂಗು. ಓದು, ಬರಹ, ಲೆಕ್ಕ ಈ ಮೂರರಲ್ಲಿಯೂ ತೇರ್ಗಡೆಯಾದರೆ ಎಂಟು ಶಿಲಿಂಗು. ತಪ್ಪಿದ ವಿಷಯಕ್ಕೆ ಅಷ್ಟಷ್ಟು ಕಡಿತ. ಕವಿ ಮ್ಯಾಥ್ಯೂ ಆರ್ನಾಲ್ಡ್ ಆಗ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ. ಆತ ಇದನ್ನು ಬಹಿರಂಗವಾಗಿಯೇ ವಿರೋಧಿಸಿದ. ಆತನ ಆಕ್ಷೇಪ ಪರೀಕ್ಷೆಯ ಮೇಲಲ್ಲ. ಪರೀಕ್ಷೆಗೆ ಹಣವನ್ನು ಗಂಟುಹಾಕಿದರೆ ಕಲಿಸುವುದು ಯಾಂತ್ರಿಕವಾಗುತ್ತದೆಂಬುದರ ಮೇಲೆ. ಆದದ್ದೂ ಹಾಗೆಯೇ. ಮಕ್ಕಳು ಪಠ್ಯಪುಸ್ತಕವನ್ನು ಬಾಯಿಪಾಠ ಮಾಡಿ, ಪುಸ್ತಕ ಎದುರಿಗಿಲ್ಲದಿದ್ದರೂ ‘ಓದ’ತೊಡಗಿದರು.

ಮುಂಬಯಿ ಇಲಾಖೆಯಲ್ಲಿ ಈ ಪದ್ಧತಿ ಅನುದಾನ ಬೇಡುವ ಖಾಸಗಿ ಶಾಲೆಗಳಿಗೆ ಅನ್ವಯಿಸಿತು. ನಮ್ಮ ಗಾಂವಟಿ ಶಾಲೆಗಳ ಐಗಳ ಸ್ಥಿತಿಯನ್ನು ಊಹಿಸಿರಿ. ಉಸುಕಿನ ಮೇಲೆ ಓಂನಾಮ ತಿದ್ದಿಸಿ, ಮಗ್ಗಿಗಳನ್ನು ಹೇಳಿಸಿ, ಊರವರು ಕೊಟ್ಟ ಕಾಳಿನಿಂದ ಬದುಕುತ್ತಿದ್ದವರು ಅವರು. ಸರಕಾರದ ಹಣ ಬೇಕೆಂದರೆ ಇಂಥ ದಿನ ಇಂತಿಷ್ಟು ಹುಡುಗರು ಸಾಹೇಬರ ಮುಂದೆ ನಿಂತು ಉತ್ತರ ಹೇಳಬೇಕು. ನಮ್ಮ ಸೀಮೆಯದು ಹಿಂಗಾರಿ ನಾಡು. ಸುಗ್ಗಿ ಬಂದಾಗ ಹುಡುಗ ಹೊಲದಲ್ಲಿರುತ್ತಾನೆ. ಮಳೆ ಕೈಕೊಟ್ಟರೆ ಮನೆಯೇ ಗುಳೆ ಹೋಗುತ್ತದೆ. 1876–78ರ ಬರಗಾಲದಲ್ಲಿ ಕಲಾದಗಿ ಜಿಲ್ಲೆಯಷ್ಟು ನಲುಗಿದ ಜಿಲ್ಲೆಗಳು ಕೆಲವೇ. ಬೆಂಚು ಖಾಲಿಯಾದದ್ದು ಮಾಸ್ತರರ ತಪ್ಪಿನಿಂದಲೋ ಮಳೆರಾಯನ ತಪ್ಪಿನಿಂದಲೋ ಎಂದು ಬರೆಯುವ ಅಂಕಣವೊಂದು ಫಲ ನೋಡಿ ಹಣ ಕೊಡುವ ಲೆಕ್ಕದಲ್ಲಿ ಹೇಗೆ ಬಂದೀತು?

ಆದರೂ 1882ರ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳಿಗೆ ಇದೇ ತತ್ತ್ವವನ್ನು ಶಿಫಾರಸು ಮಾಡಿತು. ಇಂಗ್ಲೆಂಡು ಇದನ್ನು 1890ರ ದಶಕದಲ್ಲಿ ಬಿಟ್ಟುಕೊಟ್ಟಿತು. ಇಲ್ಲಿ ಅದು ಹೋಗಲು ಕರ್ಜನ್ನನ ಕಾಲದ 1904ರ ಠರಾವು ಬರಬೇಕಾಯಿತು.

ತಪಾಸಣೆಯೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಡೆಪ್ಯುಟಿ ಚನ್ನಬಸಪ್ಪನವರ ಹೆಸರಿಗೆ ಅಂಟಿಕೊಂಡ ‘ಡೆಪ್ಯುಟಿ’ ಎಂಬುದು ಶಾಲಾ ತಪಾಸಣೆಯ ಹುದ್ದೆಯೇ. ಮರಾಠಿಯ ನೆರಳಿನಲ್ಲಿದ್ದ ಶಾಲೆಗಳಿಗೆ ಕನ್ನಡವನ್ನು ತಂದವರು, ಶೇಕ್ಸ್‌ಪಿಯರನ ನಾಟಕವನ್ನು ಕನ್ನಡಿಸಿದವರು ಅವರು. ಅಂಥವರು ಶಾಲೆಗೆ ಬಂದರೆ ಶಾಲೆಗೆ ಏನಾದರೂ ಕೊಟ್ಟು ಹೋಗುತ್ತಿದ್ದರು. ಮುಲ್ಕಿ ಪರೀಕ್ಷೆಯನ್ನೂ ಹೀಗೆಯೇ ನೆನೆಯಬೇಕು. ‘ಮುಲ್ಕಿ ಪಾಸು’ ಎಂದು ನಮ್ಮ ಹಿರಿಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಕಠಿಣವಾದರೂ ಆ ಪರೀಕ್ಷೆ ಪಾಸಾದವನ ಕೈಗೆ ಮಾಸ್ತರಿಕೆಯನ್ನೋ ತಲಾಟಿಕೆಯನ್ನೋ ಕೊಡಬಲ್ಲದಾಗಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ದಿನ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸುವುದು ರೂಢಿ. 2024ರಲ್ಲಿ ಉಡುಪಿ ಶೇಕಡಾ 94ರೊಂದಿಗೆ ಮೊದಲು, ಯಾದಗಿರಿ 50.59ರೊಂದಿಗೆ ಕೊನೆ. ಆ ವರ್ಷ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮರಾದ ಕಣ್ಣಿಟ್ಟು ನೇರ ನಿಗಾ ವಹಿಸಲಾಯಿತು. ಕೃಪಾಂಕವನ್ನು ಶೇಕಡಾ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೂ ರಾಜ್ಯದ ಒಟ್ಟು ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ಹಿಂದಿನ ಅಂಕಿಗಳಲ್ಲಿ ಕಲಿಕೆ ಎಷ್ಟು, ನಕಲು ಎಷ್ಟು ಎಂಬ ಅನುಮಾನ ಏಳುವುದು ಸಹಜ. ಶೇಕಡಾವಾರಿನ ಮೇಲೆ ಮಾನಾಪಮಾನಗಳು ನಿಂತಾಗ ಅದನ್ನು ಏರಿಸುವ ಹಾದಿಗಳು ಹುಟ್ಟುತ್ತವೆ. ಲೋ ಮಹಾಶಯನ ಶಿಲಿಂಗು ಹೋಯಿತು, ಶ್ರೇಯಾಂಕ ಬಂದಿತು.

ಊರವರಿಗೆ ಲೆಕ್ಕ ಕೇಳುವ ಅವಕಾಶವೇ ಇಲ್ಲವೆಂದಲ್ಲ. 2001ರಲ್ಲಿ ರಾಜ್ಯ ಸರಕಾರವು ಪಾಲಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಬಾಗೇವಾಡಿಯ ರೈತನ ಆ ಒಂದಾಣೆಗೆ ಸಿಕ್ಕ ತಡವಾದ ರಸೀದಿ ಇದೆಂದು ನಾನು ಭಾವಿಸುತ್ತೇನೆ. ಆದರೆ ಶಾಲೆಯ ಯೋಗ್ಯತೆಯನ್ನು ಅಳೆಯುವ ಕೋಲು ಆ ಸಮಿತಿಯ ಕೈಗೆ ಬರಲಿಲ್ಲ.

ಐದು, ಎಂಟನೆಯ ತರಗತಿಗಳಿಗೂ ರಾಜ್ಯಮಟ್ಟದ ಪರೀಕ್ಷೆಯನ್ನು 2023ರಲ್ಲಿ ತಂದಾಗ ಸರಕಾರ ಹೇಳಿದ್ದು, ಯಾರನ್ನೂ ನಪಾಸು ಮಾಡುವುದಿಲ್ಲ, ಕಲಿಕೆಯ ಮಟ್ಟವನ್ನು ಅರಿಯುವುದಷ್ಟೇ ಉದ್ದೇಶ ಎಂದು. ಮರುವರ್ಷ ಒಂಬತ್ತನೆಯ ತರಗತಿಯೂ ಸೇರಿತು. ಖಾಸಗಿ ಶಾಲೆಗಳ ಸಂಘದವರು ನ್ಯಾಯಾಲಯಕ್ಕೆ ಹೋದರು. 2024ರ ಮಾರ್ಚ್ 6ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಪರೀಕ್ಷೆಯನ್ನು ರದ್ದುಪಡಿಸಿತು. ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಆರಂಭವಾಯಿತು, 12ರಂದು ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ನಿಂತಿತು. 22ರಂದು ವಿಭಾಗೀಯ ಪೀಠ ಮತ್ತೆ ಸಮ್ಮತಿಸಿತು, 25ರಿಂದ ಉಳಿದ ಪತ್ರಿಕೆಗಳು ನಡೆದವು. ಹತ್ತು ವರ್ಷದ ಹುಡುಗಿಯೊಬ್ಬಳು ಒಂದು ಪತ್ರಿಕೆ ಬರೆದು, ಮುಂದಿನದು ಇದೆಯೋ ಇಲ್ಲವೋ ಎಂದು ಕಾದ ದಿನಗಳವು. ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಫಲಿತಾಂಶವನ್ನು ತಡೆಹಿಡಿಯಿತು. ಅಷ್ಟರಲ್ಲಿ ಕೆಲವು ಶಾಲೆಗಳು ಅದನ್ನು ಮಕ್ಕಳಿಗೆ ಹೇಳಿಯೂ ಬಿಟ್ಟಿದ್ದವು.