ಧಾರಾವಿಯ ಹಂದಿ ಯಾವ ಲೆಕ್ಕದಲ್ಲಿದೆ? ವೈರಸ್ ಕಾವಲಿನ ನೂರಿಪ್ಪತ್ತು ವರ್ಷ

1888ರ ಮುಂಬೈ ಪಾಲಿಕೆ ಕಾಯ್ದೆಯ ಪ್ರಕಾರ, ಆಯುಕ್ತರ ಲಿಖಿತ ಅನುಮತಿಯಿಲ್ಲದೆ ನಗರದಲ್ಲಿ ಯಾರೂ ಹಂದಿ ಸಾಕುವಂತಿಲ್ಲ. ಬೀದಿಯಲ್ಲಿ ಅಲೆಯುವ ಹಂದಿಯನ್ನು ಕೊಲ್ಲುವ ಅಧಿಕಾರವೂ ಪಾಲಿಕೆಗಿದೆ. ಕಾಯ್ದೆಯಿಂದ ಹಂದಿ ಇಲ್ಲವಾಗಲಿಲ್ಲ, ಸಾಕುವವರು ಮರೆಗೆ ಸರಿದರು. ಧಾರಾವಿಯಂಥ ಕಡೆ, ನಾಲೆಯ ದಂಡೆಯಲ್ಲೂ ಕಸದ ರಾಶಿಯಲ್ಲೂ ಮೇಯುವ ಹಂದಿಗೆ ಒಡೆಯನಿರುತ್ತಾನೆ. ಆದರೆ ಅದು ಸತ್ತಾಗ ಅವನು ಮುಂದೆ ಬರುವುದಿಲ್ಲ. ಹಂದಿಗಳ ವೈರಸ್ ಕಾವಲು ಇಂದಿಗೂ ಎಡವುತ್ತಿರುವುದು ಇಲ್ಲೇ ಎಂದು ನನ್ನ ಎಣಿಕೆ.

ಹಂದಿಯ ವೈರಸ್ಸನ್ನು ಗುರುತಿಸುವ ವಿಜ್ಞಾನ ಶುರುವಾದದ್ದು ಅಮೆರಿಕದಲ್ಲಿ. ಹಿಂಡುಗಟ್ಟಲೆ ಹಂದಿ ಸಾಯಿಸುತ್ತಿದ್ದ ಜ್ವರಕ್ಕೆ ಒಂದು ಬ್ಯಾಕ್ಟೀರಿಯವೇ ಕಾರಣವೆಂದು ಅಲ್ಲಿನ ತಜ್ಞರು ಬಹುಕಾಲ ನಂಬಿದ್ದರು. 1903ರಲ್ಲಿ ಡಿ ಶ್ವೈನಿಟ್ಜ್ ಮತ್ತು ಡಾರ್ಸೆಟ್, ಬ್ಯಾಕ್ಟೀರಿಯ ನುಸುಳಲಾರದ ಸೋಸುಕದಿಂದ ಇಳಿದ ದ್ರವವೂ ರೋಗ ತರುತ್ತದೆಂದು ತೋರಿಸಿದರು. ಇಂದು ಕ್ಲಾಸಿಕಲ್ ಸ್ವೈನ್ ಫೀವರ್ ಎನ್ನುವ ಈ ಜ್ವರ ಭಾರತದಲ್ಲಿ ಮೊದಲು ದಾಖಲಾದದ್ದು 1944ರಲ್ಲಿ, ಅಲಿಗಢದಲ್ಲಿ. ಇದಕ್ಕೆ ಲಸಿಕೆಯಿದೆ, ಸಾಲುವಷ್ಟು ಇಲ್ಲ. ದಶಕಗಳ ಕಾಲ ಅದನ್ನು ಮೊಲಗಳನ್ನು ಕೊಂದು ತಯಾರಿಸಲಾಗುತ್ತಿತ್ತು. ಒಂದು ಮೊಲದಿಂದ ಸಿಗುತ್ತಿದ್ದದ್ದು ಸುಮಾರು 50 ಡೋಸ್. 2020ರಲ್ಲಿ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆಯನ್ನು ಹೊರತಂದಾಗ ಸರ್ಕಾರವೇ ಕೊಟ್ಟ ಲೆಕ್ಕ ನೋಡಿ: ವರ್ಷಕ್ಕೆ ಬೇಕಾದದ್ದು 2.2 ಕೋಟಿ ಡೋಸ್, ತಯಾರಾಗುತ್ತಿದ್ದದ್ದು 12 ಲಕ್ಷ.

ಹಂದಿಯನ್ನು ಕಾಯಿಲೆಯಿಂದ ಉಳಿಸಬೇಕೆಂಬ ಉತ್ಸಾಹ ಇಷ್ಟಕ್ಕೇ ನಿಂತಿತು. ಆದರೆ ಹಂದಿಯಿಂದ ಮನುಷ್ಯನಿಗೆ ಕುತ್ತು ಬಂದೀತೆಂಬ ಭಯ ಹುಟ್ಟಿದಾಗಲೆಲ್ಲ ಪ್ರಯೋಗಾಲಯದ ದೀಪ ಹೊತ್ತಿಕೊಂಡಿತು. 1955ರಲ್ಲಿ ವೆಲ್ಲೂರಿನಲ್ಲಿ ಗುರುತಾದ ಜಪಾನೀಸ್ ಮಿದುಳು ಜ್ವರ 1970ರ ದಶಕದ ಕೊನೆಗೆ ಕೋಲಾರದ ಮಕ್ಕಳನ್ನು ಕಾಡಿತು. ಕ್ಯೂಲೆಕ್ಸ್ ಸೊಳ್ಳೆ ಈ ವೈರಸ್ಸನ್ನು ಹಂದಿಗೆ ದಾಟಿಸುತ್ತದೆ. ಹಂದಿಯ ರಕ್ತದಲ್ಲಿ ಅದು ಹೇರಳವಾಗಿ ಬೆಳೆದು ಮತ್ತೆ ಸೊಳ್ಳೆಗೆ ಏರುತ್ತದೆ. ಗಬ್ಬದ ಹಂದಿ ಕಂದು ಹಾಕುವುದನ್ನು ಬಿಟ್ಟರೆ ಮೇಲುನೋಟಕ್ಕೆ ಹಂದಿಗೆ ಏನೂ ಆಗಿರುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ರಕ್ತವನ್ನೇ. ಜಪಾನ್ 1960ರ ದಶಕದಿಂದ ತನ್ನ ಕಸಾಯಿಖಾನೆಗಳಲ್ಲಿ ಎಳೆಯ ಹಂದಿಗಳ ರಕ್ತ ಪರೀಕ್ಷಿಸುತ್ತಾ ಬಂದಿದೆ. ಆ ಬೇಸಿಗೆ ಎಲ್ಲಿ ವೈರಸ್ ಓಡಾಡುತ್ತಿದೆ ಎಂಬುದು ಮನುಷ್ಯರು ಆಸ್ಪತ್ರೆ ಸೇರುವ ಮೊದಲೇ ಅಲ್ಲಿ ಗೊತ್ತಾಗುತ್ತದೆ. ನಾನು ಓದಿದ ಕಾವಲು ಪದ್ಧತಿಗಳಲ್ಲಿ ಇಷ್ಟು ಅಗ್ಗದ, ಇಷ್ಟು ಜಾಣತನದ ಇನ್ನೊಂದನ್ನು ಕಂಡಿಲ್ಲ.

ಕಾವಲಿಗೆ ಇನ್ನೊಂದು ಉಪಯೋಗವಿದೆ: ಹಂದಿಯ ಮೇಲಿನ ಸುಳ್ಳು ಆರೋಪವನ್ನೂ ಅದು ತೊಳೆಯಬಲ್ಲದು. 1997ರಲ್ಲಿ ಅಮೆರಿಕದ ಹಂದಿಗಳಲ್ಲಿ, ಕಾಮಾಲೆ ತರುವ ಹೆಪಟೈಟಿಸ್ ಇ ವೈರಸ್ ಸಿಕ್ಕಿತು. ಕಾಮಾಲೆ ಹಬ್ಬಿಸುತ್ತಿರುವುದು ನಮ್ಮ ಬೀದಿ ಹಂದಿಗಳೇ ಇರಬಹುದೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಪಶ್ಚಿಮ ಭಾರತದ ಮಾದರಿಗಳನ್ನು ಹೋಲಿಸಿ ಉತ್ತರ ಕೊಟ್ಟರು. ಮನುಷ್ಯರಲ್ಲಿದ್ದದ್ದು ಒಂದನೇ ಬಗೆಯ ವೈರಸ್, ಹಂದಿಗಳಲ್ಲಿದ್ದದ್ದು ನಾಲ್ಕನೇ ಬಗೆಯದು. ತಪ್ಪು ಹಂದಿಯದಲ್ಲ, ನಮ್ಮದೇ ಕುಡಿಯುವ ನೀರಿನದು.

ಪರೀಕ್ಷೆಯಿಲ್ಲದೆ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ ಕೈರೋ ನಗರ ಸಾಕ್ಷಿ. 2009ರಲ್ಲಿ ‘ಸ್ವೈನ್ ಫ್ಲೂ’ ಎನಿಸಿಕೊಂಡ ಎಚ್1ಎನ್1 ಜ್ವರದ ಸುದ್ದಿ ಬಂದೊಡನೆ, ದೇಶದಲ್ಲಿ ಒಂದೇ ಒಂದು ಪ್ರಕರಣವೂ ಇಲ್ಲದಿದ್ದಾಗ, ಈಜಿಪ್ಟ್ ಸರ್ಕಾರ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಿಸಿತು. ಅವು ಜಬ್ಬಾಲೀನ್ ಎಂಬ ಕಸ ಆಯುವ ಸಮುದಾಯದವರ ಹಂದಿಗಳು. ಮನೆಮನೆಯ ಹಸಿಕಸ ಹಂದಿಗೆ, ಒಣಕಸ ಗುಜರಿಗೆ ಎಂಬುದು ಅವರ ಬದುಕಿನ ಏರ್ಪಾಟು. ಹಂದಿ ಹೋದ ಮೇಲೆ ಹಸಿಕಸ ಎತ್ತುವವರಿಲ್ಲದೆ ಕೈರೋ ಬೀದಿಗಳು ನಾರಿದವು. ಜ್ವರವಂತೂ ಮನುಷ್ಯರಿಂದ ಮನುಷ್ಯರಿಗೆ ಹರಡುವುದು ಹರಡಿಯೇ ಹರಡಿತು. ಮುಂಬೈಯ ಗುಜರಿಯನ್ನೆಲ್ಲ ಬೇರ್ಪಡಿಸುವ ಧಾರಾವಿಯ ಜನರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಬಂದದ್ದು ಆಫ್ರಿಕನ್ ಹಂದಿ ಜ್ವರ. ಇದು ಮನುಷ್ಯರಿಗೆ ಅಂಟದು, ಹಂದಿಯನ್ನು ಮಾತ್ರ ಬಿಡದು. ಕೀನ್ಯಾದಲ್ಲಿ ಮಾಂಟ್‌ಗೊಮೆರಿ 1921ರಲ್ಲಿ ವಿವರಿಸಿದ ರೋಗ 2007ರಲ್ಲಿ ಜಾರ್ಜಿಯಾಕ್ಕೆ, 2018ರಲ್ಲಿ ಚೀನಾಕ್ಕೆ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲಕ್ಕೆ ಕಾಲಿಟ್ಟಿತು. ಆ ವರ್ಷದ ಮೇ ಆರಂಭದ ಹೊತ್ತಿಗೆ ಅಸ್ಸಾಮಿನ 306 ಹಳ್ಳಿಗಳಲ್ಲಿ ಸುಮಾರು 2,500 ಹಂದಿಗಳು ಸತ್ತಿದ್ದವು. 2022ರ ಜುಲೈಯಲ್ಲಿ ವಯನಾಡು, ಅದೇ ವರ್ಷದ ಅಕ್ಟೋಬರಿನಲ್ಲಿ ಮಂಗಳೂರಿನ ನೀರುಮಾರ್ಗ, 2023ರ ಜನವರಿಯಲ್ಲಿ ಕಾಸರಗೋಡಿನ ಎಣ್ಮಕಜೆ. ಎಂಡೋಸಲ್ಫಾನ್‌ನಿಂದ ಬೆಂದ ಆ ಪಂಚಾಯತಿಗೆ ಇದೂ ಬೇಕಿತ್ತೇ ಎನಿಸಿತು. ಸೋಂಕಿತ ಮಾಂಸದಲ್ಲಿ ಈ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಸಂತೆಯಿಂದ ತಂದ ಮರಿ, ವ್ಯಾಪಾರಿಯ ಲಾರಿ, ಬೇಯಿಸದ ಹೋಟೆಲ್ ಮುಸುರೆ ಇದರ ಹೆದ್ದಾರಿಗಳು. ಭಾರತದಲ್ಲಿ ಲಸಿಕೆಯಿಲ್ಲ. ರೋಗ ಕಂಡ ಜಾಗದ ಸುತ್ತ 1 ಕಿಲೋಮೀಟರಿನೊಳಗಿನ ಹಂದಿಗಳನ್ನು ಕೊಲ್ಲುವುದು, 10 ಕಿಲೋಮೀಟರಿನವರೆಗೆ ಕಣ್ಣಿಡುವುದು ನಿಯಮ. ಪರಿಹಾರವನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುತ್ತವೆ.

ಯಂತ್ರಾಂಗಕ್ಕೇನೂ ಕೊರತೆಯಿಲ್ಲ. ಯಲಹಂಕದ ‘ನಿವೇದಿ’ ಸಂಸ್ಥೆ ಜಿಲ್ಲಾವಾರು ರೋಗ ಮುನ್ಸೂಚನೆಯನ್ನು ಎರಡು ತಿಂಗಳು ಮೊದಲೇ ಕೊಡುತ್ತದೆ. ಪಶ್ಚಿಮ ಭಾರತದ ಮಾದರಿಗಳಿಗೆ ಪುಣೆಯಲ್ಲಿ ಪ್ರಾದೇಶಿಕ ಪ್ರಯೋಗಾಲಯವಿದೆ, ಆಫ್ರಿಕನ್ ಹಂದಿ ಜ್ವರ ಖಚಿತಪಡಿಸಲು ಭೋಪಾಲದ ಉನ್ನತ ಭದ್ರತಾ ಸಂಸ್ಥೆಯಿದೆ. ಆದರೆ ಮಾದರಿ ಕೊಡಬೇಕಾದವನು ಅನುಮತಿಯಿಲ್ಲದೆ ನಾಲ್ಕು ಹಂದಿ ಸಾಕಿದ ಬಡವ. ಸುದ್ದಿ ಕೊಟ್ಟರೆ ಹಂದಿಯೂ ಹೋದೀತು, ದಂಡವೂ ಬಿದ್ದೀತು, ಪರಿಹಾರದ ಪಟ್ಟಿಯಲ್ಲಿ ಹೆಸರೂ ಇರದು ಎಂಬ ಅಂಜಿಕೆಯಲ್ಲಿ ಅವನು ಬದುಕಿರುವ ಹಂದಿಯನ್ನು ಅಂದೇ ಮಾರಿಬಿಡುತ್ತಾನೆ. ವೈರಸ್ಸಿಗೆ ಬೇಕಾದದ್ದೂ ಅದೇ.

ದಾರಿ ಮುಂಬೈಗೆ ಗೊತ್ತಿಲ್ಲದ್ದಲ್ಲ. 2001ರಿಂದ ಇಲ್ಲಿನ ಕೊಳೆಗೇರಿಗಳ ಗಟಾರದ ನೀರನ್ನು ನಿಯಮಿತವಾಗಿ ಪರೀಕ್ಷಿಸಿ ಪೋಲಿಯೊ ವೈರಸ್ಸನ್ನು ಬೆನ್ನಟ್ಟಲಾಯಿತು. ಯಾರ ಮನೆಯ ಬಾಗಿಲನ್ನೂ ತಟ್ಟದೆ ನಡೆದ ಕೆಲಸವದು. ಹಂದಿಯ ಮಟ್ಟಿಗೆ ಆ ಗಟಾರದ ಜಾಗದಲ್ಲಿ ದೇವನಾರ್ ಕಸಾಯಿಖಾನೆಯಿದೆ. ಅಲ್ಲಿ ವಧೆಯಾಗುವ ಹಂದಿಗಳ ರಕ್ತವನ್ನು ಜಪಾನಿನಂತೆ ವಾರಕ್ಕೊಮ್ಮೆ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಲಿ. ಸತ್ತ ಹಂದಿಯ ಸುದ್ದಿ ಕೊಟ್ಟವರಿಗೆ, ಅನುಮತಿ ಇರಲಿ ಇಲ್ಲದಿರಲಿ, ದಂಡ ಹಾಕದೆ ಪರಿಹಾರ ಕೊಡಲಿ. ಮುಂಬೈಯ ಹೋಟೆಲ್ ಉದ್ಯಮದಲ್ಲಿ ನಮ್ಮ ಕರಾವಳಿಯವರು ಬಹಳ ಮಂದಿ ಇದ್ದೀರಿ. ನಿಮ್ಮ ಅಡುಗೆಮನೆಯ ಮಾಂಸದ ಉಳಿಕೆಯನ್ನು ಹಸಿಯಾಗಿ ಹಂದಿಯವರಿಗೆ ಕೊಟ್ಟು ಕಳಿಸಬೇಡಿ. ಕೊಡುವುದೇ ಆದರೆ ಚೆನ್ನಾಗಿ ಕುದಿಸಿ ಕೊಡಿ.